ಪರ್ಮನೆಂಟ್ ಆಯಿತಾ?

ಬಾಂದ್ರಾ ಸ್ಟೇಷನ್ನಿನ ಹೊರಗೆ, ರಿಕ್ಷಾಗಳ ಸಾಲು ಮುಗಿಯುವ ಕಡೆ, ನಮ್ಮ ಊರಿನ ಕಡೆಯವರ ಒಂದು ಹೋಟೆಲಿದೆ. ಅದರ ಮುಂಬಾಗಿಲಲ್ಲಿ ಎ.ಸಿ. ಇದೆ, ಹಿಂಬಾಗಿಲಲ್ಲಿ ವಾಸನೆ ಇದೆ. ಮೊನ್ನೆ ನಾನು ಹಿಂಬಾಗಿಲ ಪಕ್ಕದ ನೆರಳಿನಲ್ಲಿ, ಬ್ಯಾಗನ್ನು ಕಾಲಿನ ಸಂದಿಯಲ್ಲಿಟ್ಟುಕೊಂಡು ನಿಂತಿದ್ದೆ. ಏಪ್ರಿಲ್ ಕೊನೆ. ಸಂಜೆಯಾದರೂ ಬಿಸಿಲು ಇಳಿದಿರಲಿಲ್ಲ. ಒಳಗೆಲ್ಲೋ ಗ್ರೈಂಡರ್ ಗರಗರ ತಿರುಗುತ್ತಿತ್ತು. ನೆನೆಸಿದ ಉದ್ದು, ನಿನ್ನೆಯ ಹುಳಿಹಿಟ್ಟು, ಒದ್ದೆ ಗೋಣಿ, ಎಲ್ಲ ಸೇರಿದ ಒಂದು ವಾಸನೆ ಬಂದು ಮೂಗಿಗೆ ಹತ್ತಿತು. ಬೇರೆಯವರಾದರೆ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದರು. ನನಗೆ ಅದು ಕರುಣ ಮಾವನ ವಾಸನೆ.

ನಾನು ಅಲ್ಲಿ ನಿಂತಿದ್ದಕ್ಕೆ ಕಾರಣವಿತ್ತು. ಅವತ್ತು ಮಧ್ಯಾಹ್ನ ಪ್ರಿನ್ಸಿಪಾಲರು ನನ್ನನ್ನು ಕರೆದು, ಎ.ಸಿ. ಸ್ವಲ್ಪ ಜಾಸ್ತಿ ಮಾಡಿ, ನೀರು ಕೊಟ್ಟು, ಇಂಗ್ಲಿಷ್ ವಿಭಾಗದ ಒಂದೇ ಒಂದು ಪರ್ಮನೆಂಟ್ ಪೋಸ್ಟು ಬೇರೆಯವರಿಗೆ ಆಯಿತೆಂದು ಹೇಳಿದ್ದರು. ಜೂನ್‌ನಲ್ಲಿ ಎಂದಿನಂತೆ ಬನ್ನಿ, ತಾಸಿನ ಲೆಕ್ಕದ ಪಾಠ ನಿಮಗಿದ್ದೇ ಇದೆ ಎಂದೂ ಹೇಳಿದರು. ಒಳ್ಳೆಯ ಮನುಷ್ಯ. ನಾನು ಥ್ಯಾಂಕ್ಯೂ ಹೇಳಿ ಬಂದೆ. ಯಾವುದಕ್ಕೆ ಥ್ಯಾಂಕ್ಯೂ ಎಂದು ಮೆಟ್ಟಿಲಿಳಿಯುವಾಗ ಯೋಚಿಸಿದರೆ ಹೊಳೆಯಲಿಲ್ಲ.

ಈಗ ನಮ್ಮ ಲೈಬ್ರರಿಯ ಕಸ್ತೂರಿ ಬರುವುದನ್ನು ಕಾಯುತ್ತಿದ್ದೆ. ಹಲವು ವರ್ಷಗಳಿಂದ ನಾವಿಬ್ಬರೂ ಕಾಲೇಜಿನಿಂದ ಸ್ಟೇಷನ್ನಿಗೆ ಒಟ್ಟಿಗೆ ನಡೆಯುತ್ತೇವೆ. ಸೇತುವೆಯಿಂದ ಅವರು ಬೊರಿವಲಿಯ ಗಾಡಿಗೆ ಇಳಿಯುತ್ತಾರೆ, ನಾನು ದಾದರ್‌ನಲ್ಲಿ ಗಾಡಿ ಬದಲಿಸಿ ಭಾಂಡುಪ್‌ಗೆ ಹೋಗುತ್ತೇನೆ. ಅವರನ್ನು ಒಂದು ಮಾತು ಕೇಳಬೇಕೆಂದು ಬಹಳ ಕಾಲದಿಂದ ಇಟ್ಟುಕೊಂಡಿದ್ದೆ. ಎಂಥ ಮಾತು ಎಂದು ನೀವು ಊಹಿಸಿರುತ್ತೀರಿ. ತಲೆಕೂದಲು ಅರ್ಧ ಬೆಳ್ಳಗಾದವನು ಹೆಂಗಸಿನ ದಾರಿ ಕಾಯುತ್ತ ಹೋಟೆಲಿನ ಹಿಂದೆ ನಿಂತರೆ ಇನ್ನೇನಿರುತ್ತದೆ? ಪರ್ಮನೆಂಟ್ ಆದ ಮೇಲೆ ಕೇಳೋಣ ಎಂದುಕೊಂಡಿದ್ದೆ. ಈಗ ಪರ್ಮನೆಂಟ್ ಆಗುವುದಿಲ್ಲ ಎಂದು ಗೊತ್ತಾಗಿತ್ತು. ಹಾಗಾದರೆ ಮಾತನ್ನು ಏನು ಮಾಡುವುದು?

ಈ ಪರ್ಮನೆಂಟ್ ಎಂಬ ಶಬ್ದವನ್ನು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ ನೋಡಿ. ವಿಶೇಷಣ. ಎಡೆಬಿಡದೆ, ಬದಲಾಗದೆ, ಬಹುಕಾಲ ಇರುವಂಥದು ಎಂದು ಅರ್ಥ. ‘ವೆರಿ ಪರ್ಮನೆಂಟ್’ ಎಂದು ಬರೆಯಬೇಡಿ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಇದಕ್ಕೆ ಹೆಚ್ಚು ಕಡಿಮೆ ಇಲ್ಲ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಹಾಗೆ ಹೇಳುವವನ ಕೆಲಸ ಪ್ರತಿ ಏಪ್ರಿಲ್‌ನಲ್ಲಿ ಸಾಯುತ್ತದೆ, ಜೂನ್‌ನಲ್ಲಿ ಹುಟ್ಟುತ್ತದೆ ಎಂದು ಅವರಿಗೇನು ಗೊತ್ತು?

ನಾನು ಹುಟ್ಟಿ ಬೆಳೆದ ಭಾಂಡುಪ್‌ನ ಚಾಳಿನಲ್ಲಿ ಈ ಶಬ್ದಕ್ಕೆ ಹೆಚ್ಚು ಕಡಿಮೆ ಎಲ್ಲವೂ ಇತ್ತು. ಆಗ ಸುತ್ತಲೂ ಕಾರ್ಖಾನೆಗಳು. ಒಬ್ಬ ಪಕ್ಕಾ ಪರ್ಮನೆಂಟ್, ಇನ್ನೊಬ್ಬ ಹೊಸ ಪರ್ಮನೆಂಟ್, ಮತ್ತೊಬ್ಬನದು ‘ಆದ ಹಾಗೇ’. ಶಾಶ್ವತ ಎಂಬ ಕನ್ನಡ ಶಬ್ದವೂ ನಮ್ಮಲ್ಲಿ ಇತ್ತು, ಅದನ್ನು ಯಾರಾದರೂ ಸತ್ತಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು: ‘ಯಾವುದೂ ಶಾಶ್ವತ ಅಲ್ಲ, ಸಮಾಧಾನ ಮಾಡಿಕೊಳ್ಳಿ.’ ಪರ್ಮನೆಂಟ್ ಎಂಬುದು ಬದುಕಿರುವವರ ಶಬ್ದ. ನನ್ನ ಅಪ್ಪ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಅಲ್ಲಿ ಪರ್ಮನೆಂಟ್ ಗಿರಾಕಿ ಎಂದರೆ ಕೂತ ಕೂಡಲೇ, ಕೇಳುವ ಮೊದಲೇ, ಚಹಾ ಬರುವವನು. ಅಮ್ಮನ ಸೊಂಟನೋವು ಪರ್ಮನೆಂಟ್. ಮೇಲಿನ ಮಾಳಿಗೆಯ ನೀರಿನ ಜಗಳ ಪರ್ಮನೆಂಟ್. ನಾನು ಲೆಕ್ಕದಲ್ಲಿ ಫೇಲಾಗುವುದೂ ಪರ್ಮನೆಂಟ್ ಎಂದು ಅಪ್ಪ ಗಿರಾಕಿಗಳೆದುರು ಹೇಳುತ್ತಿದ್ದರು.

ಪರ್ಮನೆಂಟ್ ಅಲ್ಲದವನು ನಮ್ಮ ಮನೆಯಲ್ಲಿ ಒಬ್ಬನೇ, ಅಮ್ಮನ ತಮ್ಮ ಕರುಣಾಕರ. ನಮ್ಮ ಒಂದೇ ಕೋಣೆಯ ಮನೆಯ ಹೊರಗೆ, ಚಾಳಿನ ಗ್ಯಾಲರಿಯಲ್ಲಿ ಮಲಗುತ್ತಿದ್ದ. ಎತ್ತರದ ಆಳು. ಅವನ ಕಾಲು ಪಕ್ಕದ ಮನೆಯವರ ಬಾಗಿಲ ಮುಂದೆ ಇರುತ್ತಿತ್ತು, ಬೆಳಗ್ಗೆ ಎದ್ದವರು ಅದನ್ನು ದಾಟಿಕೊಂಡು ನೀರಿಗೆ ಹೋಗುತ್ತಿದ್ದರು. ಮಾವ ಬೋಲ್ಟು ನಟ್ಟು ಮಾಡುವ ಕಾರ್ಖಾನೆಯಲ್ಲಿ ಟೆಂಪರರಿ. ಇಂತಿಷ್ಟು ದಿನ ಒಂದೇ ಸಮನೆ ಕೆಲಸ ಮಾಡಿದವನನ್ನು ಕಾಯಂ ಮಾಡಬೇಕೆಂದು ಕಾನೂನು ಇತ್ತಂತೆ. ಆದ್ದರಿಂದ ಆ ಗಡಿ ಹತ್ತಿರ ಬಂದ ಕೂಡಲೇ ಕಾರ್ಖಾನೆಯವರು ಅವನನ್ನು ಮನೆಗೆ ಕಳಿಸುತ್ತಿದ್ದರು. ಕೆಲವು ವಾರ ಬಿಟ್ಟು ಹೊಸಬನೆಂಬಂತೆ ಮತ್ತೆ ಕರೆಯುತ್ತಿದ್ದರು. ಇದಕ್ಕೆ ಎಲ್ಲರೂ ‘ಬ್ರೇಕ್’ ಎನ್ನುತ್ತಿದ್ದರು. ‘ಕರುಣನಿಗೆ ಬ್ರೇಕ್ ಕೊಟ್ಟರಂತೆ’ ಎಂದು ಅಮ್ಮ ಹೇಳುವಾಗ ದನಿ ತಗ್ಗುತ್ತಿತ್ತು, ಯಾರಿಗೋ ಜ್ವರ ಬಂದ ಹಾಗೆ.

ನನಗೆ ಮಾತ್ರ ಬ್ರೇಕ್ ಎಂದರೆ ಹಬ್ಬ. ಏಕೆಂದರೆ ಆ ವಾರಗಳಲ್ಲಿ ಮಾವ ಅಪ್ಪನ ಹೋಟೆಲಿಗೆ ಹೋಗಿ ಹಿಟ್ಟು ರುಬ್ಬುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಬರುವಾಗ ಪೇಪರಿನ ಪೊಟ್ಟಣದಲ್ಲಿ ಬನ್ಸ್ ತರುತ್ತಿದ್ದ. ಬಾಳೆಹಣ್ಣಿನ ಆ ದಪ್ಪ ಪೂರಿಗಳು ತಣ್ಣಗಾದ ಮೇಲೆ ಇನ್ನೂ ರುಚಿ. ಕೆಲಸವಿದ್ದಾಗ ಮಾವನ ಅಂಗಿಗೆ ಯಂತ್ರದ ಎಣ್ಣೆಯ ವಾಸನೆ, ಬ್ರೇಕ್ ಇದ್ದಾಗ ಹುಳಿಹಿಟ್ಟಿನ ವಾಸನೆ. ನಾನು ಮಾವನ ಮಡಿಲಿಗೆ ಬಿದ್ದ ಕೂಡಲೇ ನಮ್ಮ ಮನೆಯ ಪರಿಸ್ಥಿತಿ ತಿಳಿದುಕೊಳ್ಳುತ್ತಿದ್ದೆ. ಎಣ್ಣೆಯ ವಾಸನೆ ಬಂದರೆ ಮುಖ ಸಣ್ಣ ಮಾಡುತ್ತಿದ್ದೆ. ದೊಡ್ಡವರು ದೇವರಲ್ಲಿ ಬೇಡಿಕೊಳ್ಳುವುದಕ್ಕೆ ತದ್ವಿರುದ್ಧವಾದುದನ್ನು ನಾನು ಬೇಡಿಕೊಳ್ಳುತ್ತಿದ್ದೆ. ದೇವರು ಬಹುಕಾಲ ನನ್ನ ಮಾತನ್ನೇ ಕೇಳಿದ.

ಮಾವನ ಮದುವೆ ಈ ಒಂದು ವಿಶೇಷಣಕ್ಕೆ ಜೋತುಬಿದ್ದಿತ್ತು. ಹುಡುಗಿ ಬೇರೆಲ್ಲಿಯೂ ಅಲ್ಲ, ಹಿಂದಿನ ಗಲ್ಲಿಯ ಸಂಜೀವಣ್ಣನ ಮಗಳು ಸುಮತಿ. ಮನೆಯಲ್ಲೇ ಹೊಲಿಗೆ ಮಿಷಿನ್ ಇಟ್ಟುಕೊಂಡು ಸುತ್ತಲಿನ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಇಬ್ಬರಿಗೂ ಒಪ್ಪಿಗೆ, ಜಾತಕಕ್ಕೂ ಒಪ್ಪಿಗೆ. ಸಂಜೀವಣ್ಣ ಸ್ವತಃ ಒಂದು ಕಾರ್ಖಾನೆಯಲ್ಲಿ ಪಕ್ಕಾ ಪರ್ಮನೆಂಟ್. ಅವರು ನಮ್ಮ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಚಹಾ ಮುಗಿಸಿ ಹೇಳಿದ್ದು ಒಂದೇ ಮಾತು: “ಹುಡುಗ ಒಳ್ಳೆಯವ. ಅದರಲ್ಲಿ ಮಾತಿಲ್ಲ. ಪರ್ಮನೆಂಟ್ ಆಗಲಿ, ಮತ್ತೆ ನೋಡುವ.”

ಅಲ್ಲಿಂದ ಮೇಲೆ ಮಾವ ಗಲ್ಲಿಯಲ್ಲಿ ನಡೆದರೆ ಸಾಕು, ಕಿಟಕಿಗಳಿಂದ, ಕಟ್ಟೆಗಳಿಂದ, ಕ್ಷೌರದ ಅಂಗಡಿಯ ಬೆಂಚಿನಿಂದ ಒಂದೇ ಪ್ರಶ್ನೆ. “ಆಯಿತಾ?” ಏನು ಆಯಿತಾ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಪಕ್ಕದ ಮರಾಠಿ ಅಜ್ಜಿ ಕೂಡ “ಝಾಲಾ ಕಾ?” ಎಂದು ಕೇಳುತ್ತಿದ್ದರು. ಮಾವ ನಕ್ಕು “ಆಗ್ತದೆ, ಆಗ್ತದೆ” ಎನ್ನುತ್ತಿದ್ದ. ಕೆಲವು ವರ್ಷ ಕಳೆದ ಮೇಲೆ ನಗುವುದು ಬಿಟ್ಟ, ‘ಆಗ್ತದೆ’ ಮಾತ್ರ ಉಳಿಯಿತು. ಇನ್ನೂ ಸ್ವಲ್ಪ ಕಳೆದ ಮೇಲೆ ಕೈ ಮಾತ್ರ ಎತ್ತುತ್ತಿದ್ದ. ಸುಸ್ತಾಗುವುದು ಹೀಗೆ, ನೋಡಿ. ಮೊದಲು ನಗು ಹೋಗುತ್ತದೆ, ಆಮೇಲೆ ಮಾತು ಹೋಗುತ್ತದೆ. ನನಗೆ ಈಗ ಆ ಲೆಕ್ಕ ಚೆನ್ನಾಗಿ ಗೊತ್ತು, ನಾನು ಕೈ ಎತ್ತುವ ಹಂತದಲ್ಲಿದ್ದೇನೆ.

ಒಂದು ಬ್ರೇಕಿನ ಸಮಯ. ಮಾವ ಹೋಟೆಲಿನಿಂದ ಬಂದು ಗ್ಯಾಲರಿಯಲ್ಲಿ ಕೂತಿದ್ದ. ಮೊಣಕೈವರೆಗೆ ಒಣಗಿದ ಹಿಟ್ಟು. ನಾನು ಬನ್ಸ್ ತಿನ್ನುತ್ತಿದ್ದೆ. ಅಷ್ಟರಲ್ಲಿ ಸುಮತಿ ಬಂದಳು. ಗಂಡಿನ ಮನೆಗೆ ಹುಡುಗಿ ತಾನಾಗಿ ಬರುವುದು ಆಗ ನಡೆಯುವ ಸಂಗತಿಯಲ್ಲ, ಅದಕ್ಕಾಗಿ ಅಮ್ಮನ ರವಿಕೆಯೊಂದನ್ನು ನೆಪಕ್ಕೆ ಕೈಯಲ್ಲಿ ಹಿಡಿದಿದ್ದಳು. ಅಳತೆ ತೆಗೆದುಕೊಳ್ಳುವ ಟೇಪು ಕುತ್ತಿಗೆಯಲ್ಲೇ ಇತ್ತು. ಮಾವನ ಕಡೆ ನೋಡದೆ ಅಮ್ಮನಿಗೆ ಹೇಳಿದಳು:

“ಅಕ್ಕ, ಇವರಿಗೆ ಕೆಲಸ ಇರುವಾಗ ರಜೆ ಇಲ್ಲ. ರಜೆ ಇರುವಾಗ ಧೈರ್ಯ ಇಲ್ಲ. ಹಾಗಾದರೆ ಮದುವೆ ಯಾವಾಗ ಆಗುವುದು?”

ಅಮ್ಮ ತಬ್ಬಿಬ್ಬಾದಳು. “ಪರ್ಮನೆಂಟ್ ಆಗಲಿ ಅಂತ ನಿನ್ನ ಅಪ್ಪನೇ ಹೇಳಿದ್ದಲ್ಲವಾ?”

“ಅಪ್ಪ ಹೇಳಿದ್ದು ಹೌದು. ಪರ್ಮನೆಂಟ್ ಆಗುವುದು ಇವರ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಬ್ರೇಕ್ ಹೇಗೂ ಸಿಗ್ತದೆ. ಬ್ರೇಕ್‌ನಲ್ಲೇ ಮಾಡಿ ಬಿಡುವ.”

ಮಾವ ಗ್ಯಾಲರಿಯಿಂದ ಮೆಲ್ಲಗೆ ಕೇಳಿದ, “ಎಂತ? ಈ ಬ್ರೇಕಿನಲ್ಲಾ?”

“ಈ ಬ್ರೇಕಿನಲ್ಲಿ ಎಲ್ಲಿ ಆಗ್ತದೆ? ಮುಂದಿನದರಲ್ಲಿ. ಆಗ ಹಾಲ್ ಸಿಗ್ತದೆ, ನನಗೂ ಹೊಲಿಗೆ ಮುಗಿಸಲಿಕ್ಕೆ ಉಂಟು” ಎಂದು ಹೇಳಿ, ರವಿಕೆಯನ್ನು ಅಮ್ಮನ ಕೈಗೆ ಕೊಟ್ಟು ಹೋದಳು. ಅದಕ್ಕೆ ಗುಂಡಿ ಹಾಕಿಯೇ ಇರಲಿಲ್ಲ.

ಸಂಜೀವಣ್ಣ ಮಗಳ ಜತೆ ಕೆಲವು ದಿನ ಮಾತು ಬಿಟ್ಟರು. ಆಮೇಲೆ ಒಂದು ದಿನ ಕೇಳಿದರಂತೆ, “ಮದುವೆ ಆದ ಮೇಲೂ ಅವನು ಪರ್ಮನೆಂಟ್ ಆಗದಿದ್ದರೆ ಎಂತ ಮಾಡ್ತೀ?” ಅವಳು, “ಆಗದಿದ್ದರೆ ವರ್ಷ ವರ್ಷ ಗಂಡ ಮನೆಯಲ್ಲಿ ಸಿಗ್ತಾನೆ” ಎಂದಳಂತೆ. ಕಾರ್ಖಾನೆಯಲ್ಲಿ ಮೇನೇಜರ್ ಜತೆ ವಾದ ಮಾಡಿ ಪಳಗಿದ ಆ ಮನುಷ್ಯ ಮರುದಿನ ಹೋಗಿ ಹಾಲ್ ವಿಚಾರಿಸಿ ಬಂದರು.

ಹಾಗೆ, ಮುಂದಿನ ಬ್ರೇಕಿನಲ್ಲಿ, ಚಾಳಿನ ಹತ್ತಿರದ ಒಂದು ಹಾಲಿನಲ್ಲಿ ಮದುವೆಯಾಯಿತು. ಕಾರ್ಖಾನೆಯವರು ಬ್ರೇಕನ್ನು ಒಂದು ವಾರ ಮುಂದೆ ಹಾಕಿದ್ದರಿಂದ ಮುಹೂರ್ತವೂ ಮುಂದೆ ಹೋಯಿತು. ಪುರೋಹಿತರು ಪಂಚಾಂಗ ತಿರುವಿ, “ನಕ್ಷತ್ರ ನೋಡುವುದಾ, ಮೇನೇಜರನ್ನು ನೋಡುವುದಾ?” ಎಂದು ಕೇಳಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಗಾದೆ. ಆಮೇಲೆ ಅವರ ಜೀವನದ ಎಲ್ಲ ಮುಖ್ಯ ಸಂಗತಿಗಳು ಬ್ರೇಕಿನಲ್ಲೇ ನಡೆದವು. ಮಗಳಿಗೆ ಹೆಸರಿಟ್ಟದ್ದು ಬ್ರೇಕಿನಲ್ಲಿ. ಊರಿಗೆ ಹೋದದ್ದು ಬ್ರೇಕಿನಲ್ಲಿ. ಸುಮತಿ ಅತ್ತೆಗೆ ಸೈಕಲ್ ಕಲಿಸಲು ಹೋಗಿ ಮಾವನೇ ಚರಂಡಿಗೆ ಬಿದ್ದದ್ದೂ ಬ್ರೇಕಿನಲ್ಲಿ.

ಕೊನೆಗೊಮ್ಮೆ ಮಾವ ಪರ್ಮನೆಂಟ್ ಆದ. ಚಾಳಿಗೆಲ್ಲ ಪೇಡಾ ಹಂಚಿದರು. ಮರಾಠಿ ಅಜ್ಜಿ ಮಾವನ ತಲೆ ಮುಟ್ಟಿ ದೃಷ್ಟಿ ತೆಗೆದರು. ನಾನು ಆಗ ಮೀಸೆ ಚಿಗುರುವ ವಯಸ್ಸಿನವನು, ಬನ್ಸ್ ಇನ್ನು ಬರುವುದಿಲ್ಲವೆಂದು ಅಳುವ ಹಾಗಿರಲಿಲ್ಲ. ಒಳಗೊಳಗೇ ಬೇಜಾರಾಗಿ ಪೇಡಾ ಎರಡು ಹೆಚ್ಚು ತಿಂದೆ. ಹೊಟ್ಟೆ ಕೆಟ್ಟಿತು.

ಆ ಪರ್ಮನೆಂಟ್ ಎಷ್ಟು ಕಾಲ ಬಂತು ಎಂದು ಕೇಳಬೇಡಿ. ಭಾಂಡುಪ್‌ನ ಕಾರ್ಖಾನೆಗಳು ಒಂದಾದ ಮೇಲೊಂದು ಬಾಗಿಲು ಹಾಕಿದ ಕತೆ ಎಲ್ಲರಿಗೂ ಗೊತ್ತಿದೆ. ಈಗ ಮಾವನ ಕಾರ್ಖಾನೆ ಇದ್ದಲ್ಲಿ ತಲೆ ಎತ್ತಿ ನೋಡಿದರೆ ಕುತ್ತಿಗೆ ನೋಯುವಂಥ ಬಿಲ್ಡಿಂಗುಗಳಿವೆ. ಮಾವ ಮತ್ತೆ ಹೋಟೆಲಿನ ರುಬ್ಬುವ ಕೋಣೆಗೆ ಹೋದ. ಯಾರಾದರೂ ಕೇಳಿದರೆ, “ಬ್ರೇಕ್ ಸ್ವಲ್ಪ ಉದ್ದ ಆಯಿತು ಮಾರಾಯ” ಎನ್ನುತ್ತಿದ್ದ. ಆ ಬ್ರೇಕಿನಲ್ಲೇ ಅವನ ಕೂದಲು ಹಣ್ಣಾಯಿತು, ಆ ಬ್ರೇಕಿನಲ್ಲೇ ಹೋದ. ಸುಮತಿ ಅತ್ತೆ ಈಗ ಮಗಳ ಮನೆಯಲ್ಲಿದ್ದಾಳೆ. ಹೋದ ದೀಪಾವಳಿಗೆ ನಾನು ಹೋದಾಗ ಹಳೆಯದನ್ನೆಲ್ಲ ಮಾತಾಡುತ್ತ ಕೂತಿದ್ದೆವು. “ಪರ್ಮನೆಂಟ್ ಆದ ಮೇಲೆ ಅವರ ಮುಖ ನೋಡಿದ್ದೇ ಕಡಿಮೆ” ಎಂದಳು. “ಬರೀ ಓವರ್‌ಟೈಮ್. ನನಗೆ ಅವರು ಅಂತ ಸಿಕ್ಕಿದ್ದು ಬ್ರೇಕಿನಲ್ಲೇ.” ಹೇಳಿ ಎದ್ದು ಒಳಗೆ ಹೋದಳು. ನನಗೆ ತುಂಬ ದುಃಖವಾಯಿತು. ಮಾವನಿಗಾಗಿಯೋ, ನನಗಾಗಿಯೋ ತಿಳಿಯಲಿಲ್ಲ.

ನನ್ನದನ್ನು ಹೇಳುತ್ತೇನೆ. ಎಂ.ಎ. ಮುಗಿಸಿ ಕಾಲೇಜು ಸೇರಿದಾಗ, ಒಂದೆರಡು ವರ್ಷದಲ್ಲಿ ಪರ್ಮನೆಂಟ್ ಆಗುತ್ತದೆ ಎಂದರು. ನಾನು ನಂಬಿದೆ. ಮನೆ ನೋಡುವುದು ಆಮೇಲೆ, ಹಲ್ಲು ಕಟ್ಟಿಸುವುದು ಆಮೇಲೆ, ಕನ್ನಡಕ ಬದಲಿಸುವುದು ಕೂಡ ಆಮೇಲೆ. ಈ ‘ಆಮೇಲೆ’ಯ ಅಟ್ಟದ ಮೇಲೆ ಏನೇನು ಇಟ್ಟೆನೋ ನನಗೇ ನೆನಪಿಲ್ಲ. ಪ್ರತಿ ಜೂನ್‌ನಲ್ಲಿ ಇಂಟರ್‌ವ್ಯೂ. ನನಗೆ ಕಲಿಸುವ ಅನುಭವ ಇದೆಯೇ ಎಂದು, ನಾನು ಕಲಿಸುವುದನ್ನು ನೋಡಿದವರೇ ಕೇಳುತ್ತಾರೆ. ಇದೆ ಎನ್ನುತ್ತೇನೆ. ಎಲ್ಲರೂ ಗಂಭೀರವಾಗಿ ಬರೆದುಕೊಳ್ಳುತ್ತಾರೆ.

ಕಸ್ತೂರಿಯವರನ್ನೂ ಆ ಅಟ್ಟದ ಮೇಲೆ ಇಟ್ಟಿದ್ದೆ. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗೌಂಡಿಯ ಮಗಳು ಅವರು. ತಂದೆ ಹೋದ ಮೇಲೆ ಇಬ್ಬರು ತಮ್ಮಂದಿರನ್ನು ಓದಿಸಿ, ಮದುವೆ ಮಾಡಿ, ಈಗ ತಾಯಿಯ ಜತೆ ಬೊರಿವಲಿಯಲ್ಲಿದ್ದಾರೆ. ಅವರ ಕನ್ನಡದಲ್ಲಿ ಅರ್ಧ ಹಿಂದಿ, ನನ್ನದರಲ್ಲಿ ಅರ್ಧ ತುಳು. ಜಗಳವಾಡಲು ಸಾಕಾಗುವಷ್ಟು ಕನ್ನಡ ನಮ್ಮಿಬ್ಬರ ನಡುವೆ ಇದೆ. ಅವರು ನನ್ನನ್ನು ಸರ್ ಎನ್ನುತ್ತಾರೆ, ನಾನು ಮೇಡಂ ಎನ್ನುತ್ತೇನೆ. ಅವರ ಪೋಸ್ಟು ಪರ್ಮನೆಂಟ್. ಅದೇ ನನ್ನ ಬಾಯಿಗೆ ಬೀಗ ಹಾಕಿದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಗ್ರೈಂಡರ್ ನಿಂತಿತು. ಅಷ್ಟರಲ್ಲಿ ಕಸ್ತೂರಿ ಬಂದರು, ಹೆಗಲಲ್ಲಿ ಬ್ಯಾಗು, ಕೈಯಲ್ಲಿ ತರಕಾರಿ ಚೀಲ.

“ಏನ್ ಸರ್, ಹಿಂಗ್ಯಾಕ್ ನಿಂತೀರಿ? ಮುಖ ನೋಡ್ರಿ ನಿಮ್ದು.”

“ಸುಸ್ತಾಗಿದೆ ಮೇಡಂ.”

“ಎಲ್ಲಾರಿಗೂ ಆಗೇತಿ. ಚಲೋ, ಫಾಸ್ಟ್ ಗಾಡಿ ಸಿಗತೈತಿ.”

ಸೇತುವೆಯ ಮೆಟ್ಟಿಲು ಹತ್ತಿದೆವು. ನಾನು ಎಡಕ್ಕೆ ತಿರುಗುವ ಬದಲು ಅವರ ಹಿಂದೆಯೇ ಅವರ ಪ್ಲಾಟ್‌ಫಾರ್ಮಿಗೆ ಇಳಿದೆ. ಅವರು ತಿರುಗಿ ನೋಡಿ ಮುಂದೆ ನಡೆದರು. ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ ಹೆಂಗಸರು ತುಂಬಿದ್ದರು. ಅಷ್ಟು ಜನರ ನಡುವೆ ನಿಂತು ನಾನು ಹೇಳಿದೆ, “ಆ ಪೋಸ್ಟು ಬೇರೆಯವರಿಗೆ ಆಯಿತು.”

“ಗೊತ್ತೈತಿ. ಲೈಬ್ರರಿಗೆ ನಿಮಗಿಂತ ಮೊದ್ಲ ಸುದ್ದಿ ಬರತೈತಿ.”

“ಇನ್ನು ನನ್ನದು ಪರ್ಮನೆಂಟ್ ಆಗುವುದಿಲ್ಲ ಮೇಡಂ. ಆದ ಮೇಲೆ ನಿಮ್ಮನ್ನು ಒಂದು ಮಾತು ಕೇಳುವ ಅಂತ ಇದ್ದೆ. ಈಗ ಹಾಗೇ ಕೇಳ್ತಾ ಇದ್ದೇನೆ. ನಾವು ಮದುವೆ ಆಗುವಾ?”

ಎಷ್ಟೋ ವರ್ಷ ಇಂಗ್ಲಿಷಿನಲ್ಲಿ ಒಳ್ಳೆಯ ವಾಕ್ಯಗಳನ್ನು ಕಟ್ಟಿಟ್ಟಿದ್ದೆ. ಬಾಯಿಂದ ಬಂದದ್ದು ಇದು. ಬೊರಿವಲಿ ಫಾಸ್ಟ್ ಬಂತು. ಹೆಂಗಸರೆಲ್ಲ ನುಗ್ಗಿದರು. ಕಸ್ತೂರಿ ಹತ್ತಲಿಲ್ಲ. ಗಾಡಿ ಹೋಯಿತು.

“ಇದನ್ನ ಕೇಳಾಕ ಪೋಸ್ಟ್ ಬೇಕಾಗಿತ್ತೇನ್ರಿ?” ಎಂದರು. ದನಿಯಲ್ಲಿ ಸಿಟ್ಟಿತ್ತು. ಅಷ್ಟು ಸಿಟ್ಟಿಗೆ ನಾನು ಅರ್ಹನೆಂದು ನನಗೆ ಗೊತ್ತಿತ್ತು. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ನಾ ದಿನಾ ಆ ಬ್ರಿಡ್ಜ್ ಮ್ಯಾಲ ಎರಡ ಮಿನಿಟ್ ಸುಮ್ನ ನಿಂದರತಿದ್ದೆ. ಹವಾ ತಗೊಳ್ಳಾಕ ಅನ್ಕೊಂಡಿದ್ರೇನು?”

ನಾನು ಹಾಗೇ ಅಂದುಕೊಂಡಿದ್ದೆ.

“ಮೇ ತಿಂಗಳದಾಗ ಆಗಂಗಿಲ್ಲ ನೋಡ್ರಿ. ಸ್ಟಾಕ್ ಚೆಕಿಂಗ್ ಐತಿ. ನಿಮಗೇನ್, ರಜಾನೇ ರಜಾ. ನಮಗ ಸಿಗಂಗಿಲ್ಲ.” ಗಾಡಿ ಬಂತಾ ಎಂದು ಹಳಿಯ ಕಡೆ ಬಗ್ಗಿ ನೋಡಿ, “ಅವ್ವನ ಜೋಡಿ ನೀವ ಮಾತಾಡ್ರಿ. ಇವತ್ತ. ನಾಳಿಗೆ ನಿಮ್ದು ಮತ್ತ ಆಮ್ಯಾಲ ಆಗತೈತಿ” ಎಂದರು.

ಮುಂದಿನ ಗಾಡಿಯಲ್ಲಿ ಅವರು ಲೇಡೀಸ್ ಡಬ್ಬಿಗೆ ಹತ್ತಿದರು, ನಾನು ಜನರಲ್‌ಗೆ. ಬೊರಿವಲಿಯವರೆಗೆ ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ, ಯಾರದೋ ಟಿಫಿನ್ನು ನನ್ನ ಬೆನ್ನಲ್ಲಿ. ಬೆವರು ಸುರಿಯುತ್ತಿತ್ತು. ಇಷ್ಟು ದಣಿದವನು ಇಷ್ಟು ಹೆದರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅವರ ಮನೆ ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಬಾಗಿಲು ತೆರೆದದ್ದು ತಾಯಿ. ಸಣ್ಣ ದೇಹ, ಇಳಕಲ್ ಸೀರೆ, ಕೈಯೆಲ್ಲ ಜೋಳದ ಹಿಟ್ಟು. ಕಸ್ತೂರಿ, “ಅವ್ವಾ, ಕಾಲೇಜಿನ ಸರ್. ನಿನ್ನ ಜೋಡಿ ಮಾತಾಡೂದೈತಂತ” ಎಂದು ಹೇಳಿ ತರಕಾರಿ ಚೀಲ ಹಿಡಿದು ಅಡುಗೆಮನೆಗೆ ಹೋಗಿಬಿಟ್ಟರು. ನಾನು ಕುರ್ಚಿಯ ತುದಿಯಲ್ಲಿ ಕೂತು ಹೇಳಬೇಕಾದ್ದನ್ನು ಹೇಗೋ ಹೇಳಿದೆ. ಮುದುಕಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬಿಳಿಕೂದಲು ನೋಡಿದರು, ಸವೆದ ಚಪ್ಪಲಿ ನೋಡಿದರು. ನನ್ನ ಜಾತಿ ಕೇಳುತ್ತಾರೆ, ಊರು ಕೇಳುತ್ತಾರೆ ಎಂದು ಸಿದ್ಧನಾಗಿದ್ದೆ.

“ನೌಕರಿ ಪರ್ಮನೆಂಟ್ ಐತೇನಪಾ?” ಎಂದರು.

ಭಾಂಡುಪ್‌ನ ಗಲ್ಲಿಯಲ್ಲಿ ಮಾವ ಕೊಡುತ್ತಿದ್ದ ಎಲ್ಲ ಉತ್ತರಗಳೂ ನನ್ನ ಬಾಯಿಗೆ ಬಂದವು. ಒಂದನ್ನೂ ಹೇಳಲಿಲ್ಲ. “ಇಲ್ಲ ಅವ್ವ” ಎಂದೆ. “ಇನ್ನು ಆಗುವುದೂ ಇಲ್ಲ.”

ಅಡುಗೆಮನೆಯಲ್ಲಿ ನಲ್ಲಿಯ ನೀರಿನ ಸದ್ದು ನಿಂತಿತು.

“ನಾ ಅದೀನಲ್ಲವ್ವಾ” ಎಂದರು ಕಸ್ತೂರಿ ಒಳಗಿನಿಂದ.